ಶನಿವಾರದ ಗಿಟಾರ್, ಭಾನುವಾರದ ಗಿಟಾರ್

ನಮ್ಮ ಅರೆಕೆರೆ ಸಭೆಯ ಬ್ಯಾಂಡ್‌ನಲ್ಲಿ ಬೇಸ್ ಇಲ್ಲ, ಕೀಬೋರ್ಡ್ ಇಲ್ಲ. ಇರೋದು ಒಂದು ಎಲೆಕ್ಟ್ರಿಕ್ ಗಿಟಾರ್. ಸ್ತುತಿ ಹಾಡಿಗೆ ಅದೇ ಅಬ್ಬರಿಸಬೇಕು, ಆರಾಧನೆಗೆ ಅದೇ ಮೆತ್ತಗಾಗಬೇಕು. ಪ್ರಾರ್ಥನೆ ಹೊತ್ತಲ್ಲಿ ವಾಲ್ಯೂಮ್ ಇಳಿಸಿ ಅದೇ ಹಿಂದೆ ನಿಲ್ಲಬೇಕು. ಅದನ್ನ ನುಡಿಸೋ ತಮ್ಮ ಶನಿವಾರ ರಾತ್ರಿ ಒಂದು ಕೆಫೆಯಲ್ಲೂ ನುಡಿಸ್ತಾನೆ ಅಂತ ಗೊತ್ತಾದಾಗ, ನಾನು ಅವನನ್ನ ವೇದಿಕೆಯಿಂದ ಇಳಿಸಿದೆ. ಮೂರು ವಾರ ಆಯ್ತು. ಈ ಮೂರು ವಾರ ದೇವರು ನನಗೆ ಒಬ್ಬ ಸಹೋದರಿಯ ಜೀವನ ತೋರಿಸಿದರು.

ಸಿಸ್ಟರ್ ರೊಸೆಟ್ಟಾ ಥಾರ್ಪ್. 1915ರಲ್ಲಿ ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಹುಟ್ಟಿದರು. ತಾಯಿ ಕೇಟಿ ಬೆಲ್ ನಮ್ಮಂತೆ ಪೆಂತೆಕೋಸ್ತ್ ಸಭೆಯವರು, ಮ್ಯಾಂಡೊಲಿನ್ ನುಡಿಸುತ್ತಾ ಊರೂರಲ್ಲಿ ಸುವಾರ್ತೆ ಸಾರುತ್ತಿದ್ದರು. ಪುಟ್ಟ ರೊಸೆಟ್ಟಾ ಗಿಟಾರ್ ಹಿಡಿದು ಜೊತೆಯಲ್ಲೇ ಹಾಡುತ್ತಿದ್ದರು. 1938ರಲ್ಲಿ ಅವರು ನ್ಯೂಯಾರ್ಕಿನ ಕಾಟನ್ ಕ್ಲಬ್‌ನಲ್ಲಿ ದೇವರ ಹಾಡು ಹಾಡಿದರು. ಕುಡಿದು ಕುಣಿಯೋ ಜಾಗ! ಸಭೆಯ ಎಷ್ಟೋ ಜನ ಮುಖ ತಿರುಗಿಸಿದರು. ಅವರು ಮಾತ್ರ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮುಂದೆ ನಡೆದರು. ಹಾಡೂ ಅವರೇ, ತಾಳವೂ ಅವರೇ, ನಡುವಿನ ಸೋಲೋನೂ ಅವರೇ. ಮುಂದೆ ರಾಕ್ ಅಂಡ್ ರೋಲ್ ಹಾಡಿದ ಲಿಟಲ್ ರಿಚರ್ಡ್, ಜಾನಿ ಕ್ಯಾಶ್ ಅವರನ್ನ ಕೇಳಿಯೇ ಬೆಳೆದವರು.

1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ರೈಲು ನಿಂತುಹೋಗಿದ್ದ ಒಂದು ಹಳೇ ಸ್ಟೇಷನ್‌ನಲ್ಲಿ ಕಾರ್ಯಕ್ರಮ. ಮಳೆ ಬಂತು. ಅವರು ಕೋಟಿನ ಮೇಲೇ ಬಿಳಿ ಗಿಬ್ಸನ್ ಗಿಟಾರ್ ಹಾಕಿಕೊಂಡು ನೋಹನ ಕಾಲದ ಮಳೆಯ ಹಾಡನ್ನೇ ಎತ್ತಿಕೊಂಡರು. ಚರ್ಚಿಗೆ ಬಾರದ ಯುವಕರು ಆವತ್ತು ನೋಹನ ಕಥೆ ಕೇಳಿದರು, ಹಲ್ಲೆಲೂಯ! 1970ರಲ್ಲಿ ಪಾರ್ಶ್ವವಾಯು ಬಂತು, ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಯ್ತು. ಆಮೇಲೂ ಹಾಡಿದರು. 1973ರಲ್ಲಿ ಕರ್ತನ ಬಳಿ ಸೇರಿದರು. ಎಷ್ಟೋ ವರ್ಷ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಪ್ರಿಯರೇ, ಎಲ್ಲಿ ಬೇಕಾದ್ರೂ ನುಡಿಸಿ ಅಂತ ನಾನು ಹೇಳ್ತಿಲ್ಲ. ಆದರೆ ನಾನು ಆ ತಮ್ಮನನ್ನ ಒಂದು ಮಾತೂ ಕೇಳದೆ ತೀರ್ಪು ಕೊಟ್ಟೆ. ಮೊನ್ನೆ ಕೇಳಿದೆ. ನಮ್ಮ ಸಭೆಯೆಲ್ಲಾ ಆತುಕೊಂಡಿದ್ದ ಆ ಗಿಟಾರ್‌ನ ಕಂತು ಅವನು ಕಟ್ಟುತ್ತಿದ್ದದ್ದೇ ಆ ಕೆಫೆಯ ದುಡ್ಡಿಂದ. ನಾವು ಒಂದು ರೂಪಾಯಿ ಕೊಟ್ಟಿರಲಿಲ್ಲ. ಗಿಟಾರ್ ಮೇಲೆ ಭಾರ ಹಾಕಿದ್ವಿ, ಅದನ್ನ ಹೊತ್ತ ಹುಡುಗನ ಭಾರ ನೋಡಲಿಲ್ಲ.

ತಮ್ಮಾ, ಹಿಂದಿನ ಸಾಲಲ್ಲಿ ಕೂತಿದ್ದೀಯ, ನೋಡ್ತಿದ್ದೀನಿ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಮುಂದಿನ ಕಂತು ಸಭೆ ಕಟ್ಟುತ್ತೆ. ಗಿಟಾರ್ ತಂದಿದ್ದೀಯ ತಾನೆ? ಕೇಬಲ್ ಇಲ್ಲೇ ಇದೆ, ಬಾ. ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.