ಎಂಟು ವರ್ಷಗಳ ತಪಸ್ಸು

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಜೀವವಿಕಾಸವಾದದ ಪ್ರವರ್ತಕನೆಂದು ಆತನನ್ನು ಎಲ್ಲರೂ ಬಲ್ಲರು. ಆದರೆ ಆ ವಾದವನ್ನು ಲೋಕದ ಮುಂದಿಡುವ ಮೊದಲು ಆತನು ಎಂಟು ವರ್ಷಗಳ ಕಾಲ ಕಡಲ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬಾಳುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಯನ್ನು ಅಭ್ಯಸಿಸಿದನೆಂಬುದನ್ನು ಬಲ್ಲವರು ಕಡಮೆ.

ಡಾರ್ವಿನ್ನನು 1809ನೆಯ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದನು. ವೈದ್ಯನಾಗಿದ್ದ ತಂದೆ ಮಗನನ್ನೂ ವೈದ್ಯ ವಿದ್ಯೆಗೆ ಕಳುಹಿಸಿದನು. ಅದು ಮಗನಿಗೆ ಒಗ್ಗಲಿಲ್ಲ. 1831ರಲ್ಲಿ ಕೇಂಬ್ರಿಜ್‌ನಲ್ಲಿ ಬಿ.ಎ. ಪದವಿ ಪಡೆದು, ಅದೇ ವರ್ಷ ಬೀಗಲ್ ಹಡಗನ್ನೇರಿ ಐದು ವರ್ಷ ಲೋಕ ಸುತ್ತಿದನು. 1835ರಲ್ಲಿ ಚಿಲಿಯ ಕರಾವಳಿಯಲ್ಲಿ, ಇನ್ನೊಂದು ಪ್ರಾಣಿಯ ಚಿಪ್ಪನ್ನು ಕೊರೆದು ಅದರೊಳಗೆ ವಾಸವಾಗಿದ್ದ ಒಂದು ಅತಿ ಸಣ್ಣ ಬಾರ್ನಕಲ್ ಆತನಿಗೆ ದೊರೆಯಿತು.

1844ರಲ್ಲಿಯೇ ತನ್ನ ವಾದವನ್ನು ಬರೆದಿಟ್ಟಿದ್ದರೂ ಆತನು ಪ್ರಕಟಿಸಲಿಲ್ಲ. ಹಲವು ಜಾತಿಗಳನ್ನು ಸ್ವತಃ ಪರೀಕ್ಷಿಸದವನಿಗೆ ಜಾತಿಗಳ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲವೆಂಬ ಮಿತ್ರ ಹುಕರನ ಅಭಿಪ್ರಾಯವು ಆತನ ಮನಸ್ಸಿಗೆ ನಾಟಿತ್ತು. 1846ರಲ್ಲಿ ಚಿಲಿಯ ಆ ಜೀವಿಯನ್ನು ಕೈಗೆತ್ತಿಕೊಂಡನು. ಅಲ್ಪಕಾಲದ ಕೆಲಸವೆಂದು ತೊಡಗಿದ್ದು 1854ರವರೆಗೆ ಬೆಳೆಯಿತು.

ಬಾರ್ನಕಲ್‌ಗಳನ್ನು ಹಿಂದಿನ ಪಂಡಿತರು ಬಸವನಹುಳು, ಕಪ್ಪೆಚಿಪ್ಪುಗಳ ಬಳಗಕ್ಕೆ ಸೇರಿಸಿದ್ದರು. ಅವುಗಳ ಮರಿಗಳನ್ನು ನೋಡಿ, ಅವು ಏಡಿ ಸೀಗಡಿಗಳ ಬಂಧುಗಳೆಂದು 1830ರಲ್ಲಿ ತೋರಿಸಿದವನು ಥಾಂಪ್ಸನ್ ಎಂಬ ಸೈನ್ಯದ ವೈದ್ಯ. ಆದರೂ ಅವುಗಳ ವರ್ಗೀಕರಣವು ಗೊಂದಲದಲ್ಲಿಯೇ ಇತ್ತು. ಡಾರ್ವಿನ್ನನು ವಸ್ತುಸಂಗ್ರಹಾಲಯಗಳಿಂದಲೂ ಸಂಗ್ರಾಹಕರಿಂದಲೂ ಮಾದರಿಗಳನ್ನು ತರಿಸಿ, ಸೂಕ್ಷ್ಮದರ್ಶಕದಡಿ ಒಂದೊಂದನ್ನೂ ಬಿಡಿಸಿ ನೋಡಿದನು. ಲೋಕದ ಗಂಡಸರೆಲ್ಲರ ಕಸಬೂ ಇದೇ ಎಂದು ಭಾವಿಸಿದ ಆತನ ಮಗುವೊಂದು, ನೆರೆಮನೆಯಾತನು ತನ್ನ ಬಾರ್ನಕಲ್‌ಗಳನ್ನು ಎಲ್ಲಿ ಪರೀಕ್ಷಿಸುತ್ತಾನೆಂದು ಕೇಳಿತಂತೆ!

ಕೆಲವು ಬಾರ್ನಕಲ್‌ಗಳ ಮೈಗೆ ಕಣದಂತಹ ಜೀವಿಗಳು ಅಂಟಿದ್ದವು. ಮೊದಲು ಅವು ಪರಾವಲಂಬಿಗಳೆಂದೇ ಡಾರ್ವಿನ್ನನು ತಿಳಿದನು. ಬಿಡದೆ ಪರೀಕ್ಷಿಸಲು, ಅವು ಅದೇ ಜಾತಿಯ ಗಂಡುಗಳೆಂದು ಹೊರಪಟ್ಟಿತು. ಸ್ಕಾಲ್ಪೆಲಮ್ ಎಂಬ ಕುಲದ ಒಂದು ಜಾತಿಯ ಗಂಡಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ! ಬಾರ್ನಕಲ್‌ಗಳಲ್ಲಿ ಹೆಚ್ಚಿನವು ಗಂಡು ಹೆಣ್ಣು ಎರಡೂ ಆಗಿರುವ ಉಭಯಲಿಂಗಿಗಳು. ಕೆಲವು ಜಾತಿಗಳಲ್ಲಿ ಗಂಡು ಹೆಣ್ಣು ಬೇರೆಬೇರೆ. ಇನ್ನು ಕೆಲವುಗಳಲ್ಲಿ ಉಭಯಲಿಂಗಿಯ ಮೈಮೇಲೆಯೇ ಈ ಪುಟ್ಟ ಗಂಡುಗಳೂ ಉಂಟು. ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಪ್ರಕೃತಿ ಮೆಲ್ಲಮೆಲ್ಲನೆ ಸಾಗುವ ಮೆಟ್ಟಿಲುಗಳನ್ನು ಆತನು ಇಲ್ಲಿ ಕಂಡನು. ಮನದಲ್ಲಿದ್ದ ವಾದಕ್ಕೆ ಕಣ್ಣೆದುರಿನ ಸಾಕ್ಷಿ ದೊರೆಯಿತು.

ಈ ಕೆಲಸವು ಸುಖದ ದಿನಗಳಲ್ಲಿ ನಡೆದುದಲ್ಲ. ಅನಾರೋಗ್ಯವು ಆತನನ್ನು ಮೇಲಿಂದ ಮೇಲೆ ಹಾಸಿಗೆ ಹಿಡಿಸುತ್ತಿತ್ತು. 1851ರ ಏಪ್ರಿಲ್‌ನಲ್ಲಿ ಹತ್ತು ವರ್ಷದ ಅಕ್ಕರೆಯ ಮಗಳು ಆನಿ ತೀರಿಕೊಂಡಳು. ಆ ದುಃಖವನ್ನು ನುಂಗಿಕೊಂಡು ಆತನು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತನು. ಜೀವಂತ ಬಾರ್ನಕಲ್‌ಗಳನ್ನು ಕುರಿತು ಎರಡು, ಅವುಗಳ ಪಳೆಯುಳಿಕೆಗಳನ್ನು ಕುರಿತು ಎರಡು, ಹೀಗೆ ನಾಲ್ಕು ಸಂಪುಟಗಳು ಹೊರಬಂದವು. 1853ರಲ್ಲಿ ರಾಯಲ್ ಸೊಸೈಟಿಯ ಪದಕವು ಆತನಿಗೆ ಸಂದಿತು.

ಇಷ್ಟು ಕಾಲವನ್ನು ಇದಕ್ಕೆ ವ್ಯಯಿಸಬೇಕಿತ್ತೇ ಎಂಬ ಸಂಶಯ ಮುಪ್ಪಿನಲ್ಲಿ ಆತನನ್ನೇ ಕಾಡಿತು. ಆದರೆ 1859ರಲ್ಲಿ ಜಾತಿಗಳ ಉಗಮವನ್ನು ಕುರಿತ ಆತನ ಮಹಾಗ್ರಂಥ ಪ್ರಕಟವಾದಾಗ, ವಿರೋಧಿಗಳು ಏನನ್ನೇ ಅಂದರೂ, ಜಾತಿಯೆಂದರೇನೆಂದು ಅರಿಯದವನು ಎನ್ನುವಂತಿರಲಿಲ್ಲ. 1882ರ ಏಪ್ರಿಲ್ 19ರಂದು ಆತನು ಕಾಲವಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆತನ ಸಮಾಧಿಯಿದೆ.

ಪದವಿ ಕೈಗೆ ಬಂದೊಡನೆ ವಿದ್ಯೆ ಮುಗಿಯಿತೆಂದು ತಿಳಿಯುವ ನಮಗೆ ಈ ಬಿ.ಎ. ಪದವೀಧರನ ಬಾಳು ಬೇರೊಂದು ಮಾತನ್ನು ಹೇಳುತ್ತದೆ. ದೊಡ್ಡ ಮಾತನ್ನು ಆಡುವ ಹಕ್ಕನ್ನು ಆತನು ಸಣ್ಣ ಜೀವಿಯ ಮುಂದೆ ತಲೆಬಾಗಿ ಸಂಪಾದಿಸಿದನು.