ಆನಂದಪುರದ ಮೋಗ್ಲಿಂಗರವರು

ಜರ್ಮನಿಯಲ್ಲಿ 1811ರಲ್ಲಿ ಜನಿಸಿದ ಹರ್ಮನ್ ಮೋಗ್ಲಿಂಗರವರು 1836ರಲ್ಲಿ ಬಾಸೆಲ್ ಮಿಶನ್ನಿನ ಸೇವೆಗಾಗಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದವರು ಇವರೇ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಇವರ ಕೊಡಗಿನ ಕಾರ್ಯವನ್ನು ಬಲ್ಲವರು ವಿರಳ. 1853ರಲ್ಲಿ ಆ ಸೀಮೆಗೆ ಹೋದ ಅವರು, ತಲೆತಲಾಂತರದಿಂದ ಜೀತಕ್ಕೆ ಕಟ್ಟುಬಿದ್ದಿದ್ದ ಕುಟುಂಬಗಳಿಗಾಗಿ ಕಾಡುಕಣಿವೆಗಳ ನಡುವೆ ಆನಂದಪುರವೆಂಬ ಗ್ರಾಮವನ್ನು ನೆಲೆಗೊಳಿಸಿ, ಕಾಫಿಯ ತೋಟವನ್ನು ಮಾಡಿಸಿದರು. ಜೀವನಾಧಾರವಿಲ್ಲದ ಬಿಡುಗಡೆಯು ನಿಲ್ಲಲಾರದಷ್ಟೆ. ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಸ್ವದೇಶಕ್ಕೆ ಮರಳಿದ ಅವರು ತಾವು ಕಟ್ಟಿದ ಊರನ್ನು ಪುನಃ ಕಾಣದೆ 1881ರಲ್ಲಿ ಅಲ್ಲಿಯೇ ಕಾಲವಾದರು. ಊರು ಮಾತ್ರ ಉಳಿಯಿತು. ಗುಂಡಗುರ್ತಿಯಂಥ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಓದಲು ಕಳುಹಿಸಿ, ಫಲವನ್ನು ಕಾಣುವೆವೋ ಇಲ್ಲವೋ ಎಂದು ಶಂಕಿಸುವ ತಂದೆತಾಯಿಗಳು ಇವರನ್ನು ನೆನೆಯಲೆಂದು ಆಶಿಸುತ್ತೇವೆ.