ಶಾಲೆಯೊಡನೆ ಅನ್ನ, ನೆಲೆ: ಕುದ್ಮುಲ್ ರಂಗರಾಯರು

ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ ಮೇಲೆ, ಬಿಡುಗಡೆ ಹೊಂದಿದವರಿಗೆ 40 ಎಕರೆಯಂತೆ ಭೂಮಿ ಹಂಚಬೇಕೆಂದು ಥ್ಯಾಡಿಯಸ್ ಸ್ಟೀವನ್ಸ್ 1867ರಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಕೇವಲ ಕಾನೂನಿನ ಬಿಡುಗಡೆ ಸಾಲದೆಂಬ ಅದೇ ಅರಿವನ್ನು ನಮ್ಮ ಕರಾವಳಿಯಲ್ಲಿ ಕಾರ್ಯರೂಪಕ್ಕೆ ತಂದವರು ಕುದ್ಮುಲ್ ರಂಗರಾಯರೆಂದು ನಾನು ಭಾವಿಸುತ್ತೇನೆ.

1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಾಯರು ಮಂಗಳೂರಿನಲ್ಲಿ ವಕೀಲರಾದರು; ಬ್ರಹ್ಮಸಮಾಜವನ್ನು ಸೇರಿದರು. ದಲಿತ ಮಕ್ಕಳಿಗೆ ಶಾಲೆ ತೆರೆದುದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಉಂಡರು. 1897ರಲ್ಲಿ ಅವರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಶಾಲೆಗಳು ಮೂಲ್ಕಿ, ಉಡುಪಿಗಳವರೆಗೂ ಹಬ್ಬಿದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಶಾಲೆಗಳ ಸಂಖ್ಯೆಗಿಂತ ಅವುಗಳ ಕ್ರಮವೇ ಮುಖ್ಯ. ಹಸಿದ ಮಗು ಶಾಲೆ ಬಿಡದಂತೆ ಮಧ್ಯಾಹ್ನದ ಊಟ, ದುಡಿಯಲು ನೇಯ್ಗೆ ಮತ್ತು ಬಡಗಿ ಕೆಲಸ, ವಾಸಕ್ಕೆ ನಿವೇಶನ. ನಾನು ಕಂಡ ಸರಕಾರದಲ್ಲಿ ಇವು ಮೂರು ಇಲಾಖೆಗಳ ಮೂರು ಕಡತಗಳು. ರಾಯರಿಗೆ ಅದೊಂದೇ ಕೆಲಸವಾಗಿತ್ತು.

ಮಗಳು ರಾಧಾಬಾಯಿಯ ಅಂತರ್ಜಾತೀಯ ವಿವಾಹವನ್ನೂ ಅವರು ನೆರವೇರಿಸಿದರು. ಅಳಿಯ ಪಿ. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತದ ಪ್ರಧಾನಿಯಾದರು. ರಾಯರು ಮಾತ್ರ ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿ, ತಮ್ಮ ಶವವನ್ನು ತೋಟಿಗಳೇ ಹೊರಬೇಕೆಂದು ತಿಳಿಸಿ, 1928ರ ಜನವರಿಯಲ್ಲಿ ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ಕೊಂಡಾಡಿದರು.

ಕಾಪು, ಕಾರ್ಕಳ ಸೀಮೆಯ ಕೊರಗರನ್ನು ಹೀನೈಸುತ್ತಿದ್ದ ಅಜಲು ಪದ್ಧತಿಯ ನಿಷೇಧ ಕಾಯಿದೆ ಬಂದುದು 2000ದಲ್ಲಿ, ರಾಯರು ತೀರಿಕೊಂಡ 72 ವರ್ಷಗಳ ಬಳಿಕ. ಅದರಲ್ಲಿ ಸಜೆಯಿದೆ, ದಂಡವಿದೆ, ಭೂಮಿಯ ಮಾತಿಲ್ಲ.